ಎರಡನೇ ಮೈಲಿಯ ಮೋರಿಯಲ್ಲಿರುವ ಹೆಬ್ಬಾತಿಗೆ, ನಮ್ಮ ಸೈಕಲ್ಲಿನ ವಿಷಯವಾಗಿ

ಮಾನ್ಯರೇ,

ಎರಡನೇ ಮೈಲಿಯ ಮೋರಿಗೂ, ಅದರ ಪಕ್ಕದ ಜೌಗಿಗೂ, ಅಲ್ಲಿ ಬೆಳೆದ ಜೊಂಡಿಗೂ, ಕಳೆದ ಭಾನುವಾರದಿಂದ ನಮ್ಮ ಮನೆಯ ಒಂದೇ ಒಂದು ಸೈಕಲ್ಲಿಗೂ ಒಡೆಯರಾಗಿರುವ ತಮಗೆ, ಮ್ಯಾನಿಟೋಬಾ ಪ್ರಾಂತ್ಯದ ಸ್ಟೋನಿ ಫೋರ್ಡ್ ಊರಿನ ಶಾಲಾ ಬಸ್ ಚಾಲಕ ಲಾರ್ನ್ ಹುಮೆನ್ಯುಕ್ ಎಂಬ ನಾನು ಮಾಡುವ ನಮಸ್ಕಾರಗಳು. ತಾವೂ, ತಮ್ಮ ಮನೆಯವರೂ, ಇನ್ನೂ ಹಳದಿ ತುಪ್ಪುಳಲ್ಲಿ ಓಡಾಡುತ್ತಿರುವ ತಮ್ಮ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ, ಆ ಕಾರಣಕ್ಕೇ ಈ ಪತ್ರ.

ತಮ್ಮನ್ನು ಶ್ರೀಮಾನ್ ಎನ್ನಬೇಕೋ ಶ್ರೀಮತಿ ಎನ್ನಬೇಕೋ ತಿಳಿಯದೆ ಬರಿಯ 'ಮಾನ್ಯರೇ' ಎಂದದ್ದಕ್ಕೆ ಕ್ಷಮೆಯಿರಲಿ. ನಮ್ಮ ಮೊದಲ ಭೇಟಿಯಲ್ಲಿ ತಮಗೆ ನನ್ನ ಮುಖಕ್ಕಿಂತ ಬೆನ್ನಿನ ದರ್ಶನವೇ ಹೆಚ್ಚು ಆದದ್ದರಿಂದ ಅಂಥ ಸೂಕ್ಷ್ಮಗಳನ್ನು ಗಮನಿಸುವ ಅವಕಾಶ ನನಗೆ ಒದಗಲಿಲ್ಲ. ಇದನ್ನು ಬಹಿರಂಗ ಪತ್ರವಾಗಿ ಬರೆದು, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಆಡುವ ನಮ್ಮೂರಿನ ಕರ್ಲಿಂಗ್ ಅಂಗಣದ ಸೂಚನಾ ಫಲಕಕ್ಕೆ ಅಂಟಿಸುತ್ತಿರುವುದಕ್ಕೂ ಕಾರಣವಿದೆ. ತಮ್ಮ ಬಾಗಿಲಿಗೆ ಬಂದು ಕೊಡುವ ಧೈರ್ಯ ನಮ್ಮೂರಿನ ಅಂಚೆಯವಳಿಗೆ ಇಲ್ಲ, ನನಗಂತೂ ಮೊದಲೇ ಇಲ್ಲ.

ತಾವು ಚಳಿಗಾಲವನ್ನು ದಕ್ಷಿಣದಲ್ಲಿ ಸುಖವಾಗಿ ಕಳೆದು ಬರುವವರಾದ್ದರಿಂದ ನಮ್ಮೂರಿನ ವ್ಯವಹಾರಗಳು ತಮಗೆ ತಿಳಿದಿರಲಾರವು. ಪ್ರತಿವರ್ಷ ಜೂನ್ ತಿಂಗಳ ಮೊದಲ ಭಾನುವಾರ, ಕರ್ಲಿಂಗ್ ಅಂಗಣದ ಸೋರುವ ಮಾಡಿನ ರಿಪೇರಿಗೆಂದು ನಾವು ಒಂದು ಸ್ಪರ್ಧೆ ನಡೆಸುತ್ತೇವೆ. ಮಾಡು ಇಂದಿಗೂ ಸೋರುತ್ತಿದೆ, ಹಾಗಾಗಿ ಸ್ಪರ್ಧೆಯೂ ನಿಂತಿಲ್ಲ. ನಿಯಮ ಸರಳವಾದದ್ದು: ಇಬ್ಬರ ಜೋಡಿ, ಇಬ್ಬರಿಗೂ ಸೇರಿ ಒಂದೇ ಸೈಕಲ್. ಒಬ್ಬರು ಸೈಕಲ್ ತುಳಿಯುತ್ತಾ ಮುಂದೆ ಹೋಗಿ, ಒಂದು ಕಡೆ ಅದನ್ನು ರಸ್ತೆಯಂಚಿನ ಹುಲ್ಲಿನಲ್ಲಿ ಮಲಗಿಸಿ, ಅಲ್ಲಿಂದ ಓಡತೊಡಗಬೇಕು. ಹಿಂದಿನಿಂದ ಓಡುತ್ತಾ ಬರುವ ಜೊತೆಗಾರರು ಸೈಕಲ್ ಕಂಡಲ್ಲಿ ಹತ್ತಿ, ಮೊದಲಿನವರನ್ನು ದಾಟಿ, ಮುಂದೆ ಇನ್ನೊಂದು ಕಡೆ ಮಲಗಿಸಿ ತಾವು ಓಡಬೇಕು. ಹೀಗೆ ಒಬ್ಬರನ್ನೊಬ್ಬರು ದಾಟುತ್ತಾ ಹೊಲಗಳ ನಡುವೆ ಮೈಲಿಗೊಂದರಂತೆ ಹಾಕಿದ ರಸ್ತೆಗಳ ಒಂದು ಚೌಕವನ್ನು ಸುತ್ತಿ ಬಂದು, ಕೊನೆಗೆ ಇಬ್ಬರು ಜೊತೆಗಾರರು, ಒಂದು ಸೈಕಲ್, ಹೀಗೆ ಮೂವರೂ ಅಂಗಣದ ಮುಂದಿನ ಸುಣ್ಣದ ಗೆರೆ ದಾಟಿದರೆ ಸ್ಪರ್ಧೆ ಮುಗಿಯಿತು. ಆಮೇಲೆ ಚರ್ಚಿನ ಹೆಂಗಸರು ಬೇಯಿಸಿದ ಪೆರೋಗಿ ಕಡುಬು, ಬೆಣ್ಣೆಯಲ್ಲಿ ಹುರಿದ ಈರುಳ್ಳಿ, ಹುಳಿ ಕೆನೆ. ಅರ್ಧ ಊರು ಓಡುವುದು ಅದಕ್ಕಾಗಿ, ಇನ್ನರ್ಧ ಊರು ಓಡದೆಯೇ ಬಂದು ತಿನ್ನುತ್ತದೆ.

ಈ ಆಟದ ಗುಟ್ಟೆಲ್ಲ ಇರುವುದು ಸೈಕಲ್ಲನ್ನು ಎಲ್ಲಿ ಬಿಡುವುದು ಎಂಬುದರಲ್ಲಿ. ಬೇಗ ಬಿಟ್ಟರೆ ನಾನು ಹೆಚ್ಚು ಓಡಬೇಕು, ತಡವಾಗಿ ಬಿಟ್ಟರೆ ನನ್ನ ಹೆಂಡತಿ ವರ್ನಾ ಹೆಚ್ಚು ಓಡಬೇಕು. ಹನ್ನೊಂದು ವರ್ಷಗಳಿಂದ ನಾವಿಬ್ಬರೂ ಜೋಡಿ. ಪ್ರತಿವರ್ಷ ಅಡಿಗೆಮನೆಯಲ್ಲಿ ಕೂತು ಇಂಥಿಂಥಲ್ಲಿ ಬಿಡುವುದೆಂದು ಮಾತಾಡಿಕೊಳ್ಳುತ್ತೇವೆ. ಪ್ರತಿವರ್ಷವೂ ಆ ಜಾಗ ಬಂದಾಗ ನನಗೆ ಗಾಳಿ ಬೆನ್ನಿಗಿರುತ್ತದೆ, ಚಕ್ರಗಳು ತಾವಾಗಿಯೇ ಉರುಳುತ್ತಿರುತ್ತವೆ, ಇಷ್ಟು ಚೆನ್ನಾಗಿ ಹೋಗುತ್ತಿರುವುದನ್ನು ನಿಲ್ಲಿಸುವುದು ಜೋಡಿಗೇ ನಷ್ಟವೆಂದು ತೋರುತ್ತದೆ, ಇನ್ನೊಂದೇ ವಿದ್ಯುತ್ ಕಂಬ ಎಂದುಕೊಂಡು ಮೂರು ಕಂಬ ದಾಟಿರುತ್ತೇನೆ. ವಾರವಿಡೀ ಒಂದೊಂದು ಮಗುವಿನ ಗೇಟಿನ ಮುಂದೆಯೂ ಅಳತೆ ಹಿಡಿದಂತೆ ಬಸ್ಸು ನಿಲ್ಲಿಸುವವನಿಗೆ ಎರಡು ಚಕ್ರದ ಗಾಡಿ ನಿಲ್ಲಿಸಲು ಏಕೆ ಬರುವುದಿಲ್ಲವೆಂದು ವರ್ನಾ ಕೇಳಿದ್ದುಂಟು. ಬಸ್ಸಿನಲ್ಲಿ ನಿಲ್ಲಿಸಿದ ಮೇಲೆ ಇಳಿದು ಓಡಬೇಕಾದವರು ಮಕ್ಕಳು, ನಾನಲ್ಲ ಎಂಬ ಉತ್ತರವನ್ನು ನಾನು ಇಲ್ಲಿಯವರೆಗೆ ಕೊಟ್ಟಿಲ್ಲ.

ಈ ವರ್ಷ ಮಾತ್ರ ಸಂಗತಿ ಬೇರೆಯಾಯಿತು. ನಮ್ಮೂರಿನ ದಂತವೈದ್ಯ ಕೀತ್ ಥೊರ್ವಾಲ್ಡ್‌ಸನ್ ಎಂಬವರು, ಕಿರುಬೆರಳಲ್ಲಿ ಎತ್ತಬಹುದಾದಷ್ಟು ಹಗುರದ ಸೈಕಲ್ ಇಟ್ಟುಕೊಂಡವರು, ತಮ್ಮ ಜೋಡಿಯ ಭಾವಮೈದ ಬರುವ ವರ್ಷ ಬೇರೆ ಊರಿಗೆ ಹೋಗುವುದರಿಂದ ಹೊಸಬರನ್ನು ಹುಡುಕುತ್ತಿದ್ದರು. ಸಹಕಾರಿ ಅಂಗಡಿಯ ಬ್ರೆಡ್ಡಿನ ಕಟ್ಟೆಯ ಹಿಂದೆ ಕೆಲಸ ಮಾಡುವ ವರ್ನಾಳನ್ನು ಅವರು, ರೈ ಬ್ರೆಡ್ ಕೊಳ್ಳುವ ನೆಪದಲ್ಲಿ, ಬರುವ ವರ್ಷ ತಮ್ಮ ಜೊತೆ ಓಡುವಿರಾ ಎಂದು ಕೇಳಿದರು. ಸಂಜೆ ಮನೆಗೆ ಬಂದ ವರ್ನಾ ಮುಚ್ಚುಮರೆ ಮಾಡಲಿಲ್ಲ. "ನೋಡು ಲಾರ್ನ್, ಈ ಸಲ ಮಾತಾಡಿದ ಜಾಗದಲ್ಲೇ ಸೈಕಲ್ ಬಿಟ್ಯೋ, ಸರಿ. ಇಲ್ಲಾಂದ್ರೆ ಬರೋ ವರ್ಷ ನಾನು ಡಾಕ್ಟ್ರ ಜೊತೆ. ನಿನ್ ಮೇಲೆ ಸಿಟ್ಟೇನಿಲ್ಲ, ನನ್ ಮಂಡಿ ಮೇಲೆ ಕನಿಕರ ಅಷ್ಟೆ" ಎಂದಳು.

ಮಾನ್ಯರೇ, ತಾವು ಒಮ್ಮೆ ಜೊತೆಯಾದರೆ ಜೀವನಪರ್ಯಂತ ಜೊತೆಯಾಗಿಯೇ ಹಾರುವ ಕುಲದವರು, ಆದ್ದರಿಂದ ತಮಗೆ ಇದು ಅರ್ಥವಾದೀತು. ನನಗೆ ಭಯವಾಯಿತು. ದಂತವೈದ್ಯರ ಮೇಲಿನ ಹೊಟ್ಟೆಕಿಚ್ಚು ಇಲ್ಲವೆಂದು ಹೇಳಲಾರೆ, ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು: ಅವಳ ಕೆಲಸ ಬೇರೆ, ನನ್ನ ಕೆಲಸ ಬೇರೆ, ಸಂಜೆ ಟೀವಿಯಲ್ಲಿ ಅವಳ ಕಾರ್ಯಕ್ರಮ ಬೇರೆ, ನನ್ನ ಹಾಕಿ ಬೇರೆ. ನಾವಿಬ್ಬರೂ ಸೇರಿ ಒಂದೇ ಕೆಲಸ ಮಾಡುವುದು ವರ್ಷಕ್ಕೆ ಆ ಒಂದು ಭಾನುವಾರ, ಅದೂ ಒಬ್ಬರಿಗೊಬ್ಬರು ಅರ್ಧ ಮೈಲಿ ದೂರದಲ್ಲಿ. ಅದನ್ನೂ ಕಳೆದುಕೊಂಡರೆ ನನಗೆ ಉಳಿಯುವುದೇನೆಂದು ಯೋಚಿಸಿ ಆ ರಾತ್ರಿ ನಾನು ಸರಿಯಾಗಿ ಊಟ ಮಾಡಲಿಲ್ಲ, ಅಂದರೆ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಆದ್ದರಿಂದ ಭಾನುವಾರ ನಾನು ಹೊಸ ಮನುಷ್ಯನಾಗಿ ಸೈಕಲ್ ಹತ್ತಿದೆ. ಮೊದಲು ನಾನು ತುಳಿಯುವುದು, ಎರಡನೇ ಮೈಲಿಯ ಮೋರಿಯ ಹತ್ತಿರ ಬಿಡುವುದು ಎಂದು ಮಾತಾಗಿತ್ತು. ಮೋರಿ ಬಂತು. ಗಾಳಿ ಎಂದಿನಂತೆ ಬೆನ್ನಿಗಿತ್ತು, ಚಕ್ರಗಳು ಎಂದಿನಂತೆ ಉರುಳುತ್ತಿದ್ದವು, ಮತ್ತು ತಾವು, ಮಾನ್ಯರೇ, ಕತ್ತನ್ನು ನೆಲಕ್ಕೆ ಸಮವಾಗಿ ಚಾಚಿ, ಬಾಯಿ ತೆರೆದು, ಟೈರಿನ ಗಾಳಿ ಬಿಟ್ಟಂಥ ಸದ್ದು ಮಾಡುತ್ತಾ ನಿಂತಿದ್ದಿರಿ. ಇನ್ನೊಂದು ಕಂಬ ಮುಂದೆ ಹೋಗಲು ಜನ್ಮದಲ್ಲಿ ಮೊದಲ ಸಲ ನನ್ನಲ್ಲಿ ನಿಜವಾದ ಕಾರಣವಿತ್ತು, ಆದರೂ ನಾನು ಹೋಗಲಿಲ್ಲ. ಇಳಿದೆ. ಹ್ಯಾಂಡಲ್ಲಿಗೆ ಕಟ್ಟಿದ್ದ ನಮ್ಮ ಕಿತ್ತಳೆ ರಿಬ್ಬನ್ನು ರಸ್ತೆಯ ಕಡೆಗೆ ಕಾಣುವಂತೆ ಸೈಕಲ್ಲನ್ನು ಹುಲ್ಲಿನಲ್ಲಿ ಮಲಗಿಸಿದೆ. ಹೀಗೆ ಮಾತು ಉಳಿಸಿಕೊಂಡ ಮನುಷ್ಯನ ಹಿಂಭಾಗಕ್ಕೆ ತಾವು ಕೊಟ್ಟ ಸನ್ಮಾನದ ಗುರುತು ಇನ್ನೂ ಮಾಸಿಲ್ಲ. ಈ ಪತ್ರವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ.

ಅಲ್ಲಿಂದ ನಾನು ಓಡಿದ ಓಟವನ್ನು ಹೊಗಳದೆ ಇರಲಾರೆ, ಏಕೆಂದರೆ ಅದರ ಕೀರ್ತಿ ತಮಗೂ ಸಲ್ಲಬೇಕು. ಹಿಂದಿರುಗಿ ನೋಡಲು ನನಗೆ ಧೈರ್ಯವಿರಲಿಲ್ಲ. ತಾವು ಯಾವಾಗ ಬೆನ್ನು ಬಿಟ್ಟಿರೋ ಗೊತ್ತಾಗದೆ ಪಾಪ್ಲರ್ ಮರಗಳ ಸಾಲಿನವರೆಗೂ ಒಂದೇ ಉಸಿರಿನಲ್ಲಿ ಹೋಗಿ ಬಲಕ್ಕೆ ತಿರುಗಿದೆ. ಸ್ವಲ್ಪ ಹೊತ್ತಿಗೆ ವರ್ನಾ ಸೈಕಲ್ಲಿನಲ್ಲಿ ಬಂದು ನನ್ನನ್ನು ದಾಟಬೇಕಿತ್ತು. ದಾಟಲಿಲ್ಲ. ಇನ್ನೂ ಸ್ವಲ್ಪ ಹೊತ್ತಾಯಿತು, ಆಗಲೂ ಇಲ್ಲ. ಬುದ್ಧಿಯಿರುವ ಗಂಡ ಇಂಥ ಹೊತ್ತಿನಲ್ಲಿ ಏನೋ ಎಡವಟ್ಟಾಗಿದೆ ಎಂದು ನಿಲ್ಲುತ್ತಾನೆ. ನಾನು ನಿಲ್ಲಲಿಲ್ಲ, ಏಕೆಂದರೆ ಅಷ್ಟರಲ್ಲಿ ನನಗೆ ಬೇರೆಯೇ ಒಂದು ವಿವರಣೆ ಹೊಳೆದಿತ್ತು: ನಾನು ಎಷ್ಟು ವೇಗವಾಗಿ ಓಡುತ್ತಿದ್ದೇನೆಂದರೆ ಸೈಕಲ್ಲಿನಲ್ಲಿ ಬರುವವರಿಗೂ ನನ್ನನ್ನು ಹಿಡಿಯಲು ಆಗುತ್ತಿಲ್ಲ.

ಐವತ್ತಾರನೇ ವಯಸ್ಸಿನಲ್ಲಿ, ಮಂಡಿಗೆ ಪಟ್ಟಿ ಕಟ್ಟಿಕೊಂಡು, ಬಸ್ಸಿನ ಸೀಟಿನ ಆಕಾರವನ್ನೇ ಪಡೆದುಕೊಂಡ ಶರೀರದಲ್ಲಿ ನಾನು ಇದನ್ನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಸಂತೋಷಪಟ್ಟೆ. ದಂತವೈದ್ಯರು ತಮ್ಮ ಹಗುರದ ಸೈಕಲ್ಲಿನಲ್ಲಿ ದಾಟುತ್ತಾ "ಏನ್ ಲಾರ್ನ್, ಓಡ್ತಾನೇ ಇದ್ದೀರಲ್ಲ! ಸೈಕಲ್ ಎಲ್ರೀ?" ಎಂದು ಕೂಗಿದಾಗ ಅದು ಮೆಚ್ಚುಗೆಯೆಂದು ತಿಳಿದು ಕೈಬೀಸಿದೆ. ಚರ್ಚಿನ ಹತ್ತಿರ, ವರ್ನಾ ನನಗಾಗಿ ಸೈಕಲ್ ಬಿಡಬೇಕಿದ್ದ ಜಾಗದಲ್ಲಿ, ಏನೂ ಇರದಿದ್ದನ್ನು ಕಂಡು, ಪಾಪ, ಇನ್ನೂ ಹಿಂದೆಯೇ ಇದ್ದಾಳೆ ಎಂದು ಅವಳ ಬಗ್ಗೆ ಮರುಕಪಟ್ಟೆ. ಆ ಮರುಕವನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಸುಣ್ಣದ ಗೆರೆಯನ್ನು ನಾನು ಎರಡೂ ಕೈ ಎತ್ತಿ ದಾಟಿದೆ. ಅಂಗಣದಲ್ಲಿ ಮಂಜುಗಡ್ಡೆ ನೋಡಿಕೊಳ್ಳುವ ಬಡ್ ಮೆಕಾಸ್ಕಿಲ್ ಎಂಬಾತನ ಕೈಗೆ ಆ ದಿನ ಧ್ವನಿವರ್ಧಕ ಕೊಟ್ಟಿರುತ್ತಾರೆ, ಕೊಡಬಾರದು. "ಬಂದ ನೋಡ್ರಪ್ಪ ನಮ್ ಲಾರ್ನ್! ಹೆಂಡ್ತೀನೂ ಇಲ್ಲ, ಸೈಕಲ್ಲೂ ಇಲ್ಲ. ಏನಯ್ಯ, ಎರಡ್ನೂ ದಾರೀಲಿ ಮಾರ್ಕೊಂಡು ಬಂದ್ಯಾ?" ಎಂದು ಅವನು ಊರಿಗೆಲ್ಲ ಕೇಳುವಂತೆ ಕೂಗಿದ. ಕೈಗಳನ್ನು ಕೆಳಗಿಳಿಸಿ ನಾನು ತಿರುಗಿ ನೋಡಿದಾಗ, ರಸ್ತೆಯ ಆ ತುದಿಯಲ್ಲಿ ವರ್ನಾ ಬರುತ್ತಿದ್ದಳು. ಓಡುತ್ತಾ. ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ, ಮೈಲಿಗಳ ಪೂರ್ತಿ ಚೌಕವನ್ನು, ಆ ಮಂಡಿಯಲ್ಲಿ, ಅವಳು ಓಡಿಯೇ ಬಂದಿದ್ದಳು.

ಅವಳು ಕೂಗಾಡಲಿಲ್ಲ. ನೀರು ಕುಡಿದು, ಬಾಯಿ ಒರೆಸಿಕೊಂಡು, "ಎಲ್ಲಿ ಬಿಟ್ಟಿದ್ದೆ?" ಎಂದಳು. ಮೋರಿಯ ಹತ್ತಿರ ಎಂದೆ. "ಇರ್ಲಿಲ್ಲ" ಎಂದಳು. ಇತ್ತು ಎಂದೆ, ಹೆಬ್ಬಾತು ಎಂದೆ, ಕತ್ತು ಎಂದೆ, ಹಿಂಭಾಗ ಎಂದೆ. ಸುತ್ತ ನಿಂತವರು ನಗತೊಡಗಿದರು. ಬಡ್ ಅದನ್ನೂ ಧ್ವನಿವರ್ಧಕದಲ್ಲಿ ಹೇಳಿದ: "ಸೈಕಲ್ನ ಬಾತು ಹೊಡ್ಕೊಂಡು ಹೋಯ್ತಂತೆ ಕಣ್ರೋ! ಹೋದ್ ವರ್ಷ ಗಾಳಿ, ಅದರ ಹಿಂದಿನ ವರ್ಷ ಬ್ರೇಕು, ಈ ವರ್ಷ ಬಾತು!" ವರ್ನಾ ಮಾತ್ರ ನಗಲಿಲ್ಲ. "ಆಯ್ತು ಬಿಡು ಲಾರ್ನ್" ಎಂದಷ್ಟೇ ಹೇಳಿ, ತಟ್ಟೆ ಹಿಡಿದು ಹೋಗಿ ದಂತವೈದ್ಯರ ಮೇಜಿನಲ್ಲಿ ಕೂತಳು. ನನ್ನ ಪಾಲಿನ ಪೆರೋಗಿಯನ್ನು ನಾನು ಕಸದ ಡಬ್ಬಿಯ ಪಕ್ಕದಲ್ಲಿ ನಿಂತು ತಿಂದೆ. ಸಂಜೆ ಸೈಕಲ್ ತರಲು ಹೋಗೋಣವೆಂದಾಗ ಅವಳು, "ಎಲ್ಲಿ ಬಿಟ್ಟಿದೀಯೋ ಅಲ್ಲೇ ಇರ್ಲಿ" ಎಂದಳು. ಒಬ್ಬನೇ ಹೋಗಿ ತಮ್ಮನ್ನು ಎದುರಿಸುವಷ್ಟು ಪ್ರೀತಿ ನನಗೆ ಆ ಸೈಕಲ್ಲಿನ ಮೇಲೆ ಇಲ್ಲ.

ಹೀಗಿರುವಾಗ, ಮಾನ್ಯರೇ, ಇಡೀ ಮ್ಯಾನಿಟೋಬಾದಲ್ಲಿ ನಾನು ಸತ್ಯ ಹೇಳುತ್ತಿದ್ದೇನೆಂದು ಬಲ್ಲವರು ತಾವೊಬ್ಬರೇ. ತಮ್ಮ ಕರ್ತವ್ಯನಿಷ್ಠೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಮ್ಮೂರಿನ ಪೊಲೀಸ್ ಠಾಣೆಯಲ್ಲಿ ತಮ್ಮಂಥವರು ಇಬ್ಬರಿದ್ದರೆ ಬಾಗಿಲಿಗೆ ಬೀಗವೇ ಬೇಕಾಗುತ್ತಿರಲಿಲ್ಲ. ಬೇರೆ ಯಾವ ಜೋಡಿಯ ಸೈಕಲ್ಲನ್ನೂ ಮುಟ್ಟದೆ, ಅಪ್ರಾಮಾಣಿಕರನ್ನೆಲ್ಲ ಗೌರವದಿಂದ ಹೋಗಗೊಟ್ಟು, ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಪ್ರಾಮಾಣಿಕನಾದವನೊಬ್ಬನನ್ನು ಮಾತ್ರ ಆರಿಸಿ ಕಚ್ಚಿದ ತಮ್ಮ ವಿವೇಚನೆಗೆ ಏನು ಹೇಳಲಿ. ಆದರೂ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಮೊದಲನೆಯದಾಗಿ, ಭಾನುವಾರ ಬೆಳಿಗ್ಗೆ ಸದರಿ ಸೈಕಲ್ಲನ್ನು ಸದರಿ ಲಾರ್ನ್ ಸದರಿ ಮೋರಿಯ ಬಳಿಯೇ ಬಿಟ್ಟನೆಂದು, ನನ್ನ ಹೆಂಡತಿ ಅದನ್ನು ಕಾಣದಂತೆ ತಾವು ಅಡ್ಡ ನಿಂತಿರೆಂದು ಸಾಕ್ಷಿ ನುಡಿಯಬೇಕು. ಪಾದದ ಗುರುತಾದರೂ ಸಾಕು. ಅದು ಆಗದಿದ್ದರೆ ಸಹಕಾರಿ ಅಂಗಡಿಯವರೆಗೆ ಕುಟುಂಬಸಮೇತ ನಡೆದು ಬಂದು, ಬ್ರೆಡ್ಡಿನ ಕಟ್ಟೆಯ ಮುಂದೆ ನಿಂತು, ತಮ್ಮದೇ ಭಾಷೆಯಲ್ಲಿ ಒಂದು ಮಾತು ಹೇಳಿದರೂ ನಡೆದೀತು. ಜೊತೆಗೆ ಬಡ್ ಮೆಕಾಸ್ಕಿಲ್‌ನ ಧ್ವನಿವರ್ಧಕವನ್ನು ತಾವು ನುಂಗಿಬಿಡುವುದಾದರೆ, ಗಂಟಲಿನ ಅಳತೆಯ ಬಗ್ಗೆ ತಮ್ಮೊಡನೆ ಮಾತಾಡಲು ಸಿದ್ಧನಿದ್ದೇನೆ.

ಪತ್ರವನ್ನು ಇಲ್ಲಿಗೆ ಮುಗಿಸಿ ಸಹಿ ಹಾಕುವುದರಲ್ಲಿದ್ದೆ. ಅಷ್ಟರಲ್ಲಿ ವರ್ನಾ ಹಿಂದಿನಿಂದ ಬಂದು, ಕೈಯಿಂದ ಕಾಗದ ತೆಗೆದುಕೊಂಡು ಮೊದಲಿನಿಂದ ಓದಿದಳು. ಓದಿ, ಬಾಗಿಲ ಬಳಿ ಇದ್ದ ಓಟದ ಬೂಟುಗಳನ್ನು ಹಾಕಿಕೊಂಡು, "ಹೊರಡು, ನಡಿ, ನಿನ್ ಸಾಕ್ಷೀನ ನೋಡ್ಕೊಂಡು ಬರೋಣ" ಎಂದಳು. ಆದ್ದರಿಂದ ಉಳಿದದ್ದನ್ನು ಬುಧವಾರ ಬರೆಯುತ್ತಿದ್ದೇನೆ. ಧಾಟಿ ಸ್ವಲ್ಪ ಬದಲಾಗಿದ್ದರೆ ಕ್ಷಮಿಸಬೇಕು.

ಜೂನ್ ತಿಂಗಳ ಉದ್ದನೆಯ ಸಂಜೆ, ಬಿಸಿಲು ಇನ್ನೂ ಹೊಲಗಳ ಮೇಲೇ ಇತ್ತು. ನಾವಿಬ್ಬರೂ ಮೋರಿಯವರೆಗೆ ನಡೆದೆವು. ಅಲ್ಲಿ ನಡೆದದ್ದು ತಮಗೆ ಗೊತ್ತೇ ಇದೆ, ಆದರೂ ಊರಿನವರಿಗಾಗಿ ಹೇಳುತ್ತೇನೆ: ತಾವು ಜೊಂಡಿನಿಂದ ಹೊರಬಂದು, ಮುಂದೆ ನಡೆಯುತ್ತಿದ್ದ ವರ್ನಾಳನ್ನು ಕಣ್ಣೆತ್ತಿಯೂ ನೋಡದೆ, ಅವಳ ಪಕ್ಕದಿಂದಲೇ ಹಾದು, ಕತ್ತು ಚಾಚಿ ನೇರವಾಗಿ ನನ್ನತ್ತ ಬಂದಿರಿ. ನಾನು ಬೇಲಿಯ ಗೂಟವೊಂದನ್ನು ಹತ್ತಿದೆ. ವರ್ನಾ ಸೊಂಟದ ಮೇಲೆ ಕೈಯಿಟ್ಟು ತಮ್ಮನ್ನೂ ನನ್ನನ್ನೂ ನೋಡಿ, "ಇದಕ್ಕೆ ನಿನ್ ಪರಿಚಯ ಚೆನ್ನಾಗೇ ಇದೆ" ಎಂದಳು. ಸಾಕ್ಷಿ ಕೇಳಿದ್ದೆ, ಇಷ್ಟು ಸ್ಪಷ್ಟವಾದ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ಕಂಡಿರಲಾರದು. ಅದಕ್ಕೆ ಅನಂತ ವಂದನೆಗಳು.

ಆಮೇಲೆ ಅವಳು ಸೈಕಲ್ಲಿನ ಕಡೆ ತಿರುಗಿದಳು. ಅದು ನಾನು ಮಲಗಿಸಿದಲ್ಲೇ ಮಲಗಿತ್ತು, ಸೀಟಿನ ತುಂಬ ತಮ್ಮ ಕುಟುಂಬದ ಮೂರು ದಿನಗಳ ಸಹಿ ಮತ್ತು ಮೊಹರು. ಆದರೆ ಮಾನ್ಯರೇ, ಅದು ಜೊಂಡಿನಲ್ಲಿ ಮರೆಯಾಗಿರಲಿಲ್ಲ. ಹಳ್ಳಕ್ಕೆ ಜಾರಿರಲಿಲ್ಲ. ಗಿಡ್ಡ ಹುಲ್ಲಿನ ಮೇಲೆ, ರಸ್ತೆಗೆ ಎರಡು ಮಾರು ದೂರದಲ್ಲಿ, ಕಿತ್ತಳೆ ರಿಬ್ಬನ್ನು ಗಾಳಿಗೆ ಹಾರಾಡುತ್ತಿತ್ತು. ತಮ್ಮ ಇಡೀ ಬಳಗ ಅಡ್ಡ ನಿಂತರೂ ಮುಚ್ಚಲಾಗದಷ್ಟು ಬಯಲಿನಲ್ಲಿತ್ತು. ಯಾರ ಕಣ್ಣಿಗಾದರೂ ಬೀಳುವಂತಿತ್ತು. ವರ್ನಾ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸಿಟ್ಟಿಲ್ಲದೆ, ತನಗೇ ಹೇಳಿಕೊಳ್ಳುವವಳಂತೆ, "ನಾನು ಇಲ್ಲಿ ನೋಡ್ಲೇ ಇಲ್ಲ ಲಾರ್ನ್. ಬಾತು ಕಿರುಚ್ತಿತ್ತು, ಆ ಕಡೆ ಅಂಚಿನಿಂದ ಹೋದೆ. ಮುಂದಿನ ಕಂಬ, ಅದರ ಮುಂದಿನ ಕಂಬ ಅಂತ ನೋಡ್ತಾ ಹೋದೆ. ನೀನು ಇಲ್ಲಿ ನಿಲ್ಲಿಸಿರ್ತೀಯ ಅಂತ ನಂಗೆ ಅನ್ನಿಸ್ಲೇ ಇಲ್ಲ" ಎಂದಳು.

ಬೇಲಿಯ ಗೂಟದ ಮೇಲಿದ್ದವನಿಗೆ ಇನ್ನು ಹತ್ತಲು ಜಾಗವಿರಲಿಲ್ಲ. ನಾಚಿಕೆಯಾಯಿತು, ಅಷ್ಟೇ ನೋವೂ ಆಯಿತು. ಆದ್ದರಿಂದ ತಮ್ಮ ಮೇಲಿನ ಸೈಕಲ್ ಅಪಹರಣದ, ಸಂಸಾರಭಂಗದ, ಮಾನಹಾನಿಯ ದೂರುಗಳನ್ನೆಲ್ಲ ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ಕಚ್ಚಿದ ದೂರು ಮಾತ್ರ ಹಾಗೆಯೇ ಇರಲಿ.

ವರ್ನಾ ತಮ್ಮ ಹತ್ತಿರ ಬಂದು, ಅಂಗಡಿಯಲ್ಲಿ ಸಾಲು ತಪ್ಪಿಸಿದ ಗಿರಾಕಿಗೆ ಹೇಳುವ ಧ್ವನಿಯಲ್ಲಿ, "ಸ್ವಲ್ಪ ಸರಿ ತಾಯಿ, ಅದು ನಮ್ದು" ಎಂದಳು, ತಾವು ಸರಿದಿರಿ. ನನ್ನ ಮೂವತ್ತು ವರ್ಷಗಳ ಸಂಸಾರದಲ್ಲಿ ನಾನೂ ಆ ಧ್ವನಿಗೆ ಸರಿಯುತ್ತಲೇ ಬಂದಿದ್ದೇನೆ, ಆದ್ದರಿಂದ ತಮಗೆ ಸಂಕೋಚ ಬೇಡ. ಅವಳು ಹುಲ್ಲಿನಿಂದ ಸೀಟು ಒರೆಸಿ, ಹತ್ತಿ ಕೂತು, "ನೀನು ಓಡ್ಕೊಂಡು ಬಾ. ಹಳೇ ಶಾಲೆ ಬೋರ್ಡ್ ಹತ್ರ ಬಿಟ್ಟಿರ್ತೀನಿ" ಎಂದು ಹೊರಟುಹೋದಳು.

ಓಡಿದೆ. ಹಳೆಯ ಶಾಲೆಯ ಬೋರ್ಡಿನ ಹತ್ತಿರ ಸೈಕಲ್ ಇರಲಿಲ್ಲ. ಹುಲ್ಲಿನಲ್ಲಿ ಬಿದ್ದಿರಬಹುದೆಂದು ರಸ್ತೆಯ ಎರಡೂ ಕಡೆ ಇಣುಕಿ ನೋಡಿದೆ. ಮುಂದಿನ ಕಂಬದ ಹತ್ತಿರ ಇರಬಹುದು ಎಂದುಕೊಂಡೆ, ಇರಲಿಲ್ಲ. ಅದರ ಮುಂದಿನದಕ್ಕೆ ಹೋದೆ. ಯಾರದೋ ಅಂಚೆಡಬ್ಬಿಯ ನೆರಳನ್ನು ಸೈಕಲ್ಲೆಂದು ತಿಳಿದು ಅದರ ಕಡೆಗೆ ಓಡಿದೆ, ಕಳೆಗಿಡದ ಹೂವೊಂದನ್ನು ರಿಬ್ಬನ್ನೆಂದು ತಿಳಿದೆ. ಪ್ರತಿಯೊಂದು ಕಡೆಯೂ ಕಾಲುಗಳು ಸಾಕು ಎನ್ನುತ್ತಿದ್ದವು, ಪ್ರತಿಯೊಂದು ಕಡೆಯೂ ಇಲ್ಲಂತೂ ಬಿಟ್ಟೇ ಇರುತ್ತಾಳೆ ಎಂದು ಮನಸ್ಸು ನಂಬುತ್ತಿತ್ತು. ಊರಿನ ಸ್ವಾಗತ ಫಲಕ ದಾಟುವ ಹೊತ್ತಿಗೆ ನಾನು ಓಡುತ್ತಿರಲಿಲ್ಲ, ಕುಂಟುತ್ತಿದ್ದೆ. ಸೈಕಲ್ಲು ನಮ್ಮ ಮನೆಯ ಕಟಕಟೆಗೆ ಒರಗಿ ನಿಂತಿತ್ತು. ವರ್ನಾ ಮೆಟ್ಟಿಲ ಮೇಲೆ ಬೂಟು ಬಿಚ್ಚಿ ಕೂತಿದ್ದಳು.

"ಹುಡುಕಿದ್ಯಾ?" ಎಂದಳು.

ಪ್ರತಿಯೊಂದು ಕಂಬದ ಹತ್ತಿರವೂ ಹುಡುಕಿದೆ ಎಂದೆ.

"ಹನ್ನೊಂದು ವರ್ಷ, ಲಾರ್ನ್" ಎಂದಳು. ಅಷ್ಟೇ. ಮಾನ್ಯರೇ, ನನ್ನಲ್ಲಿ ಅದಕ್ಕೆ ಗಾಳಿಯೂ ಇರಲಿಲ್ಲ, ಬ್ರೇಕೂ ಇರಲಿಲ್ಲ, ಬಾತೂ ಇರಲಿಲ್ಲ. ಅವಳು ಮೆಟ್ಟಿಲಿನಲ್ಲಿ ಒಂದು ಪಕ್ಕಕ್ಕೆ ಸರಿದು ಜಾಗ ಮಾಡಿ, "ಬರೋ ವರ್ಷ ಮೊದಲು ಸೈಕಲ್ ಹತ್ತೋದು ನಾನು" ಎಂದಳು. ಡಾಕ್ಟರಿಗೆ ಏನು ಹೇಳುವುದು ಎಂದು ಕೇಳಿದೆ. ರೈ ಬ್ರೆಡ್ಡು ಕೇಳಿದರೆ ಕೊಡುತ್ತೇನೆ, ಬೇರೇನೂ ಇಲ್ಲ ಎಂದಳು. ಕಚ್ಚಿಸಿಕೊಂಡ ಜಾಗದಲ್ಲಿ ಎಷ್ಟು ನೋಯುತ್ತಿದ್ದರೂ, ನಾನು ಅವಳ ಪಕ್ಕದಲ್ಲಿ ಕೂತುಕೊಂಡೆ.

ಮೋರಿಗೆ ಇನ್ನೆಂದೂ ಕಾಲಿಡದ, ತಮ್ಮ ವಿಶ್ವಾಸಿ,
ಲಾರ್ನ್ ಹುಮೆನ್ಯುಕ್

ವಿ. ಸೂ.: ನನ್ನ ಬದುಕಿನಲ್ಲಿ ನಾನು ಅತಿ ವೇಗವಾಗಿ ಓಡಿದ್ದು ತಾವು ಬೆನ್ನ ಹಿಂದೆ ಇದ್ದಷ್ಟು ದೂರ ಮಾತ್ರವೆಂದು ಎಲ್ಲರೂ ಒಪ್ಪಿದ್ದಾರೆ. ಬರುವ ಜೂನ್‌ನಲ್ಲಿ ವರ್ನಾ ಸೈಕಲ್ಲನ್ನು ಎಲ್ಲಿ ಬಿಡುತ್ತಾಳೋ, ಬಿಡುತ್ತಾಳೋ ಇಲ್ಲವೋ, ಅವಳು ಈಗಲೇ ಹೇಳಲು ಒಪ್ಪುತ್ತಿಲ್ಲ. ಆದ್ದರಿಂದ ತಮಗೆ ಅನುಕೂಲವಿದ್ದರೆ ಆ ದಿನ ಸುಣ್ಣದ ಗೆರೆಯಿಂದ ಸುಣ್ಣದ ಗೆರೆಯವರೆಗೆ ನನ್ನ ಹಿಂದೆಯೇ ಬರಬೇಕಾಗಿ ಪ್ರಾರ್ಥನೆ. ಪೆರೋಗಿಯಲ್ಲಿ ಅರ್ಧ ತಮಗೆ. ದಂತವೈದ್ಯರು ದಾಟಿ ಹೋಗುವಾಗ ಒಂದು ಕ್ಷಣ ಅತ್ತ ತಿರುಗಿದರೂ ನಾನು ತಪ್ಪು ತಿಳಿಯುವುದಿಲ್ಲ.